ಟೇಬಲ್‌ಗಳಿವೆ, ಬಳಗವಿಲ್ಲ: ಕೊಡಗಿನಲ್ಲಿ ಸ್ನೂಕರ್ ಮತ್ತು ಪೂಲ್

ಕೊಡಗಿನಲ್ಲಿ ಒಂದು ಆಟ ಹೇಗೆ ಬೇರು ಬಿಡುತ್ತದೆ ಎಂಬುದನ್ನು ತಿಳಿಯಲು ಹಾಕಿಯನ್ನು ನೋಡಿದರೆ ಸಾಕು. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡ ಗ್ರಾಮದಲ್ಲಿ 60 ಕುಟುಂಬಗಳ ತಂಡಗಳನ್ನು ಸೇರಿಸಿ ಆರಂಭಿಸಿದ ಕೊಡವ ಕೌಟುಂಬಿಕ ಹಾಕಿ ಉತ್ಸವ 2024ರಲ್ಲಿ ನಾಪೋಕ್ಲುವಿನಲ್ಲಿ ನಡೆದಾಗ 360 ತಂಡಗಳು ಕಣಕ್ಕಿಳಿದವು. ಅದು ಗಿನ್ನೆಸ್ ದಾಖಲೆಯೂ ಆಯಿತು. ಅಲ್ಲಿ ಆಡುವವರೆಲ್ಲರೂ ಪಳಗಿದ ಆಟಗಾರರಲ್ಲ. ವರ್ಷಕ್ಕೊಮ್ಮೆ ಮಾತ್ರ ಸ್ಟಿಕ್ ಹಿಡಿಯುವ ಹಿರಿಯರೂ ಶಾಲೆಗೆ ಹೋಗುವ ಹೆಣ್ಣುಮಕ್ಕಳೂ ಒಂದೇ ತಂಡದಲ್ಲಿರುತ್ತಾರೆ, ಮತ್ತು ಅದೇ ಮೈದಾನದ ಅಂಚಿನಲ್ಲಿ ನಿಂತ ತರಬೇತುದಾರರ ಕಣ್ಣಿಗೆ ಮುಂದಿನ ರಾಜ್ಯ ತಂಡದ ಹುಡುಗನೊಬ್ಬ ಬೀಳುತ್ತಾನೆ. ಗೌಡ ಕುಟುಂಬಗಳ ಕ್ರಿಕೆಟ್ ಪಂದ್ಯಾವಳಿಯೂ ಇದೇ ಬಗೆಯಲ್ಲಿ ಬೆಳೆದಿದೆ. ಆಟಕ್ಕೆ ಮೊದಲು ಬಳಗ, ಆಮೇಲೆ ಮೈದಾನ, ಆಮೇಲೆ ಪ್ರತಿಭೆ ಎಂಬುದು ಈ ಜಿಲ್ಲೆಯ ಕ್ರಮ.

ಕ್ಯೂ, ಅಂದರೆ ಚೆಂಡು ಹೊಡೆಯುವ ಉದ್ದನೆಯ ಕೋಲು ಹಿಡಿದು ಆಡುವ ಬಿಲಿಯರ್ಡ್ಸ್, ಸ್ನೂಕರ್ ಮತ್ತು ಪೂಲ್ ಆಟಗಳ ವಿಷಯದಲ್ಲಿ ಈ ಕ್ರಮ ತಲೆಕೆಳಗಾಗಿದೆ. ಟೇಬಲ್‌ಗಳು ಬಂದಿವೆ. ತೋಟಗಾರರ ಹಳೆಯ ಕ್ಲಬ್‌ಗಳ ಪರಂಪರೆ ಒಂದು ಕಡೆ ಇದೆ. ಕುಶಾಲನಗರ, ಮಡಿಕೇರಿ, ಗೋಣಿಕೊಪ್ಪದಂಥ ಪೇಟೆಗಳಲ್ಲಿ ಗಂಟೆ ಲೆಕ್ಕದಲ್ಲಿ ಆಡಿಸುವ ಪಾರ್ಲರ್ ಸಂಸ್ಕೃತಿ ಇನ್ನೊಂದು ಕಡೆ. ರೆಸಾರ್ಟ್ ಮತ್ತು ಹೋಂಸ್ಟೇಗಳಲ್ಲಿ ಅತಿಥಿಗಳ ಮನರಂಜನೆಗೆಂದು ಇಟ್ಟ ಸಣ್ಣ ಪೂಲ್ ಟೇಬಲ್‌ಗಳು ಮತ್ತೊಂದು ಕಡೆ. ಈ ಮೂರು ಕಡೆ ಆಡುವವರು ಪರಸ್ಪರ ಎದುರಾಗುವುದೇ ಅಪರೂಪ. ಕ್ಲಬ್ಬಿನ ಸದಸ್ಯರಿಗೆ ಪಾರ್ಲರ್‌ನ ಹುಡುಗ ಗೊತ್ತಿಲ್ಲ, ಪಾರ್ಲರ್‌ನ ಹುಡುಗನಿಗೆ ಕ್ಲಬ್ಬಿನ ಬಾಗಿಲು ಗೊತ್ತಿಲ್ಲ, ಹೋಂಸ್ಟೇಯ ಟೇಬಲ್ ಮುಟ್ಟುವುದು ಊರವರಲ್ಲ, ಪ್ರವಾಸಿಗರು. ಆಟಗಾರರಿದ್ದೂ ಆಟಗಾರರ ಸಮುದಾಯವಿಲ್ಲದ ಈ ಸ್ಥಿತಿಗೆ ಹಣದ ಕೊರತೆಯೊಂದನ್ನೇ ಕಾರಣವೆಂದು ಹೇಳಿ ಮುಗಿಸಲಾಗದು ಎಂಬುದು ನನ್ನ ಅಭಿಪ್ರಾಯ. ಅದರ ಹಿಂದೆ ಇತಿಹಾಸವಿದೆ, ಕಾನೂನಿನ ಬಗೆಗಿನ ಗೊಂದಲವಿದೆ, ಮತ್ತು ಬೇರೆ ಊರಿನವರು ಅಷ್ಟಾಗಿ ಯೋಚಿಸದ ಇನ್ನೊಂದು ಸಂಗತಿ, ಅಂದರೆ ಮಳೆ ಇದೆ.

ಇತಿಹಾಸದ ಮಾತು ಮೊದಲು. ಸ್ನೂಕರ್ ಹುಟ್ಟಿದ್ದೇ ಭಾರತದಲ್ಲಿ. 1875ರಲ್ಲಿ ಜಬಲ್ಪುರದ ಸೇನಾ ಮೆಸ್‌ನಲ್ಲಿ ನೆವಿಲ್ ಚೇಂಬರ್ಲೇನ್ ಎಂಬ ಯುವ ಅಧಿಕಾರಿ ಆಗ ಚಾಲ್ತಿಯಲ್ಲಿದ್ದ ಆಟಕ್ಕೆ ಬಣ್ಣದ ಚೆಂಡುಗಳನ್ನು ಸೇರಿಸಿ ಹೊಸ ಆಟವೊಂದನ್ನು ರೂಪಿಸಿದರು. ಮುಂದೆ ಮದ್ರಾಸ್ ಸೇನೆಯ ದಂಡನಾಯಕರ ಜೊತೆ ಊಟಿಗೆ ಬಂದಾಗ 1882ರ ಸುಮಾರಿಗೆ ಅಲ್ಲಿನ ಕ್ಲಬ್ಬಿನಲ್ಲಿ ಅದರ ನಿಯಮಗಳನ್ನು ಬರೆದು ಹಾಕಿದರು. ಊಟಿ ಕೊಡಗಿಗೆ ದೂರದ ಊರಲ್ಲ. ಎರಡೂ ಬೆಟ್ಟದ ಸೀಮೆಗಳು, ಎರಡರಲ್ಲೂ ತೋಟಗಳು, ಎರಡರಲ್ಲೂ ಸಂಜೆ ಹೊತ್ತು ಕಳೆಯಲು ಕ್ಲಬ್‌ಗಳನ್ನು ಕಟ್ಟಿಕೊಂಡ ಬ್ರಿಟಿಷ್ ತೋಟಗಾರರು. 1834ರಲ್ಲಿ ಕೊಡಗು ಬ್ರಿಟಿಷರ ವಶವಾಗಿ, 1850ರ ದಶಕದಲ್ಲಿ ಯುರೋಪಿಯನ್ನರ ಕಾಫಿ ತೋಟಗಳು ಎದ್ದ ಮೇಲೆ, ಪಾಲಿಬೆಟ್ಟದ ಬ್ಯಾಂಬೂ ಕ್ಲಬ್ಬಿನಂಥ ತೋಟಗಾರರ ಕೂಟಗಳು ಇಲ್ಲೂ ಹುಟ್ಟಿಕೊಂಡವು. ಆ ಕಾಲದ ಕ್ಲಬ್ ಎಂದರೆ ಟೆನಿಸ್ ಅಂಗಳ, ಬಾರ್ ಮತ್ತು ಬಿಲಿಯರ್ಡ್ಸ್ ಕೋಣೆ. ಸದಸ್ಯತ್ವ ಪಡೆದವರಿಗೆ ಮಾತ್ರ ಪ್ರವೇಶ. ಹಾಕಿ ಸೇನೆಯ ಮೂಲಕ ಬಂದು ಊರಿನ ಗದ್ದೆಬಯಲಿಗೆ ಇಳಿಯಿತು. ಬಿಲಿಯರ್ಡ್ಸ್ ಕ್ಲಬ್ಬಿನ ಮೂಲಕ ಬಂದು ಕ್ಲಬ್ಬಿನ ಕೋಣೆಯಲ್ಲೇ ಉಳಿಯಿತು. ಹಾಕಿಗೆ ಕೊಯ್ಲಾದ ಗದ್ದೆಯೊಂದು ಸಾಕು, ಆದರೆ ಪೂರ್ಣ ಅಳತೆಯ ಸ್ನೂಕರ್ ಟೇಬಲ್ 12 ಅಡಿ ಉದ್ದ, 6 ಅಡಿ ಅಗಲ, ಬಟ್ಟೆಯ ಕೆಳಗೆ ಐದು ಸ್ಲೇಟ್ ಕಲ್ಲಿನ ಹಲಗೆಗಳು, ಒಟ್ಟು ಭಾರ ಒಂದು ಟನ್ನಿಗೂ ಮಿಗಿಲು. ಅದನ್ನು ಎಲ್ಲೆಂದರಲ್ಲಿ ಇಡಲಾಗದು, ಇಟ್ಟ ಮೇಲೆ ಕದಲಿಸಲೂ ಆಗದು.

ಆ ಕ್ಲಬ್ ಕೋಣೆಗಳಲ್ಲಿ ಒಬ್ಬ ವ್ಯಕ್ತಿಯಿದ್ದ. ಅವನ ಬಗ್ಗೆ ಯಾರೂ ಹೆಚ್ಚು ಬರೆದಿಲ್ಲವಾದ್ದರಿಂದ ಇಲ್ಲಿ ಸ್ವಲ್ಪ ನಿಂತು ಹೇಳಬೇಕು. ಅವನನ್ನು ಮಾರ್ಕರ್ ಎಂದು ಕರೆಯುತ್ತಿದ್ದರು, ಈಗಲೂ ಕರೆಯುತ್ತಾರೆ. ಅಂಕ ಎಣಿಸುವುದು ಅವನ ಕೆಲಸವೆಂಬುದು ನೆಪ ಮಾತ್ರ. ಬೆಳಿಗ್ಗೆ ಬಾಗಿಲು ತೆರೆದು ಬಟ್ಟೆಯ ಮೇಲಿನ ಹೊದಿಕೆ ಮಡಿಸುವುದು, ಬಟ್ಟೆಯ ಎಳೆ ಓಡುವ ದಿಕ್ಕಿನಲ್ಲೇ, ಅಂದರೆ ಕ್ಯೂ ತಾಗಿಸುವ ಬಿಳಿ ಚೆಂಡನ್ನು ಇಡುವ ಕಡೆಯಿಂದ ಕಪ್ಪು ಚೆಂಡಿನ ಕಡೆಗೆ, ಒಂದೇ ಸಮನೆ ಬ್ರಷ್ ಎಳೆಯುವುದು, ಆಮೇಲೆ ಬೆಚ್ಚಗಿನ ಇಸ್ತ್ರಿಪೆಟ್ಟಿಗೆಯನ್ನು ಅದೇ ದಿಕ್ಕಿನಲ್ಲಿ ಜಾರಿಸುವುದು, ಕ್ಯೂಗಳ ತುದಿಯ ಚರ್ಮ ಸವೆದಿದ್ದರೆ ಹೊಸದು ಅಂಟಿಸಿ ಅರದಿಂದ ಗುಂಡಗೆ ಮಾಡುವುದು, ಜೊತೆಗಾರ ಬಾರದ ಸದಸ್ಯರಿಗೆ ಎದುರಾಳಿಯಾಗಿ ನಿಲ್ಲುವುದು, ಹೊಸಬರಿಗೆ ಎಡಗೈ ಬೆರಳುಗಳನ್ನು ಹೇಗೆ ಊರಬೇಕೆಂದು ತೋರಿಸಿಕೊಡುವುದು. ಎಷ್ಟೋ ಕ್ಲಬ್‌ಗಳಲ್ಲಿ ಅತ್ಯುತ್ತಮ ಆಟಗಾರ ಅವನೇ ಆಗಿರುತ್ತಿದ್ದ. ಆದರೆ ಅವನು ನೌಕರ, ಸದಸ್ಯನಲ್ಲ. ಸದಸ್ಯರ ಪಂದ್ಯಾವಳಿಯ ಫಲಕದಲ್ಲಿ ಅವನ ಹೆಸರು ಬರುವುದಿಲ್ಲ. ಈ ಆಟದ ನಿಜವಾದ ತಿಳಿವಳಿಕೆ ಯಾರ ಕೈಯಲ್ಲಿತ್ತೋ ಅವರಿಗೆ ಅದನ್ನು ಊರಿಗೆ ದಾಟಿಸುವ ಅವಕಾಶ ಇರಲಿಲ್ಲ ಎಂಬುದು ನನಗೆ ಈ ಇತಿಹಾಸದಲ್ಲಿ ಅತ್ಯಂತ ನೋವಿನ ಸಂಗತಿಯಾಗಿ ಕಾಣುತ್ತದೆ.

ಪಾರ್ಲರ್‌ಗಳು ಈ ಬಾಗಿಲನ್ನು ತೆರೆದವು. ಸದಸ್ಯತ್ವ ಬೇಡ, ಶಿಫಾರಸು ಬೇಡ, ಶೂ ಹಾಕಿರಬೇಕೆಂಬ ಕಟ್ಟಳೆ ಬೇಡ. ಗಂಟೆಯ ಬಾಡಿಗೆ ಕೊಟ್ಟರೆ ಆಯಿತು. ಇಂಥ ಜಾಗದಲ್ಲಿ ಪದವಿ ಕಾಲೇಜಿನ ವಿದ್ಯಾರ್ಥಿ, ಗ್ಯಾರೇಜಿನ ಮೆಕ್ಯಾನಿಕ್, ಪ್ರವಾಸಿಗರನ್ನು ಸುತ್ತಿಸುವ ಜೀಪಿನ ಚಾಲಕ, ತೋಟದ ಲೆಕ್ಕ ಬರೆಯುವ ರೈಟರ ಮಗ ಎಲ್ಲರೂ ಒಂದೇ ಟೇಬಲ್ಲಿನ ಸುತ್ತ ನಿಲ್ಲುತ್ತಾರೆ. ಭಾಷೆಯಿಂದಲೂ ಜಾತಿಯಿಂದಲೂ ಇಷ್ಟೊಂದು ಹಂಚಿಹೋಗಿರುವ ಜಿಲ್ಲೆಯಲ್ಲಿ, ಕೌಟುಂಬಿಕ ಪಂದ್ಯಾವಳಿಗಳ ಸೊಬಗಿನಲ್ಲೂ ಮನೆತನದ ಗಡಿ ಇದ್ದೇ ಇರುವಾಗ, ಯಾರ ಮನೆಯವನೆಂದು ಕೇಳದೆ ಆಡಲು ಬಿಡುವ ಜಾಗಕ್ಕೆ ತನ್ನದೇ ಬೆಲೆಯಿದೆ.

ಅಲ್ಲಿನ ಕಟ್ಟಳೆಗಳನ್ನು ಗಮನಿಸಿದರೆ ಅದೊಂದು ಸಂಸ್ಕೃತಿಯೇ ಎಂಬುದು ಗೊತ್ತಾಗುತ್ತದೆ. ಸೋತವನು ಟೇಬಲ್ಲಿನ ಬಾಡಿಗೆ ಕೊಡಬೇಕು. ಎದುರಾಳಿ ಬಗ್ಗಿ ಗುರಿ ಹಿಡಿದಾಗ ಅವನ ಕಣ್ಣಿನ ನೇರಕ್ಕೆ ನಿಲ್ಲಬಾರದು. ತೋಳು ಅಥವಾ ಅಂಗಿಯ ಅಂಚು ಚೆಂಡಿಗೆ ತಗುಲಿದರೆ, ಯಾರೂ ನೋಡದಿದ್ದರೂ, ಆಡುವವನೇ ಫೌಲ್ ಎಂದು ಹೇಳಿ ಹಿಂದೆ ಸರಿಯಬೇಕು. ಹೇಳದೆ ಮುಂದುವರಿದವನ ಜೊತೆ ಮತ್ತೆ ಆಡಲು ಜನ ಹಿಂಜರಿಯುತ್ತಾರೆ. ಚೆಂದದ ಹೊಡೆತಕ್ಕೆ ಎದುರಾಳಿಯೇ ಕ್ಯೂನಿಂದ ನೆಲ ಅಥವಾ ಟೇಬಲ್ಲಿನ ಅಂಚು ತಟ್ಟಿ ಮೆಚ್ಚುಗೆ ಸೂಚಿಸುತ್ತಾನೆ. ಅಂಪೈರ್ ಇಲ್ಲದ ಕಡೆ ಇಷ್ಟು ಶಿಸ್ತು ಇರುವ ಆಟಗಳು ಹೆಚ್ಚಿಲ್ಲ. ಆದರೆ ಪೂಲ್ ಆಟದ ನಿಯಮಗಳಲ್ಲಿ ಈ ಏಕರೂಪತೆ ಇಲ್ಲ. ಒಂದು ಕಡೆ ಫೌಲ್ ಆದರೆ ಎದುರಾಳಿ ಬಿಳಿ ಚೆಂಡನ್ನು ಬೇಕಾದಲ್ಲಿ ಇಟ್ಟುಕೊಳ್ಳಬಹುದು, ಇನ್ನೊಂದು ಕಡೆ ಎರಡು ಹೊಡೆತ ಸಿಗುತ್ತದೆ, ಮತ್ತೊಂದು ಕಡೆ ಎಂಟನೇ ಚೆಂಡನ್ನು ಯಾವ ಪಾಕೆಟ್‌ಗೆ ಹಾಕುತ್ತೇನೆಂದು ಮೊದಲೇ ಹೇಳಬೇಕು. ಈಗಿನ ಹುಡುಗರಲ್ಲಿ ಎಷ್ಟೋ ಮಂದಿ ಆಟ ಕಲಿತದ್ದೇ ಮೊಬೈಲ್‌ನಲ್ಲಿ. 2010ರಲ್ಲಿ ಬಂದ ಮಿನಿಕ್ಲಿಪ್ ಸಂಸ್ಥೆಯ 8 ಬಾಲ್ ಪೂಲ್ ಆಟದ ನಿಯಮವೇ ಅವರಿಗೆ ಪ್ರಮಾಣ. ಪರದೆಯ ಮೇಲೆ ಗುರಿ ತೋರಿಸುವ ಗೆರೆ ಇರುತ್ತದೆ, ನಿಜವಾದ ಟೇಬಲ್ಲಿನ ಮೇಲೆ ಇರುವುದಿಲ್ಲ. ಆ ಗೆರೆಯನ್ನು ಮನಸ್ಸಿನಲ್ಲೇ ಎಳೆದುಕೊಳ್ಳಲು ಕಲಿಸುವವರು ಪಾರ್ಲರ್‌ನಲ್ಲಿ ಯಾರೂ ಇಲ್ಲ. ಕ್ಲಬ್ಬಿನಲ್ಲಿ ಮಾರ್ಕರ್ ಇದ್ದು ಜನರಿರಲಿಲ್ಲ, ಇಲ್ಲಿ ಜನರಿದ್ದು ಮಾರ್ಕರ್ ಇಲ್ಲ.

ಪಾರ್ಲರ್ ಎಂದೊಡನೆ ಮನೆಯವರ ಮುಖ ಬಿಗಿಯುವುದಕ್ಕೆ ಕಾರಣ ಜೂಜಿನ ಭಯ. ಈ ಭಯವನ್ನು ತಳ್ಳಿಹಾಕುವುದು ಸರಿಯಲ್ಲ, ಆದರೆ ಕಾನೂನು ಏನು ಹೇಳುತ್ತದೆ ಎಂಬುದನ್ನು ತಿಳಿದು ಮಾತಾಡುವುದು ಒಳ್ಳೆಯದು. 1963ರ ಕರ್ನಾಟಕ ಪೊಲೀಸ್ ಕಾಯ್ದೆಯ 176ನೇ ಕಲಂ ಶುದ್ಧ ಕೌಶಲದ ಆಟಗಳನ್ನೂ, ಅಂಥ ಆಟದಲ್ಲಿ ಪಾಲ್ಗೊಂಡವರು ತಮ್ಮೊಳಗೆ ಕಟ್ಟುವ ಪಣವನ್ನೂ ಜೂಜುಕಟ್ಟೆಯ ಕಲಂಗಳಿಂದ ಹೊರಗಿಡುತ್ತದೆ. ಇದನ್ನು ಬಿಗಿಗೊಳಿಸಲು ರಾಜ್ಯ ಸರ್ಕಾರ 2021ರಲ್ಲಿ ತಂದ ತಿದ್ದುಪಡಿಯ ಮುಖ್ಯ ಅಂಶಗಳನ್ನು ಹೈಕೋರ್ಟ್ 2022ರ ಫೆಬ್ರವರಿಯಲ್ಲಿ ರದ್ದುಪಡಿಸಿತು. ಹೀಗಾಗಿ ಸೋತವನು ಟೇಬಲ್ಲಿನ ಬಾಡಿಗೆ ಕೊಡುವುದನ್ನು ಜೂಜೆಂದು ಕರೆಯುವುದು ಕಷ್ಟ. ಅದು ಖರ್ಚನ್ನು ಯಾರು ಹೊರಬೇಕೆಂಬ ಒಪ್ಪಂದ. ಆದರೆ ಬೆಂಚಿನ ಮೇಲೆ ಕುಳಿತವರು ಆಡುವವರ ಮೇಲೆ ಹಣ ಕಟ್ಟಿದರೆ ಆ ರಿಯಾಯಿತಿ ಅವರಿಗೆ ಅನ್ವಯಿಸುವುದಿಲ್ಲ, ಏಕೆಂದರೆ ಅವರ ಕೌಶಲ ಅಲ್ಲಿ ಏನೂ ಇಲ್ಲ. ಇನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು, ಅವು ಕೌಶಲದವೋ ಅದೃಷ್ಟದವೋ ಎಂದು ನೋಡದೆ, ನಿಷೇಧಿಸುತ್ತದೆ. ಮೊಬೈಲ್‌ನಲ್ಲಿ ಹಣವಿಟ್ಟು ಪೂಲ್ ಆಡಿಸುವವರ ಮೇಲೆ ಕಾನೂನಿನ ಹಿಡಿತ ಬಿಗಿಯಾಗಿದೆ, ಎದುರಾಬದುರು ನಿಂತು ಆಡುವ ಟೇಬಲ್ ಆ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ.

ಈ ವ್ಯತ್ಯಾಸ ತಂದೆತಾಯಿಗಳಿಗೆ ತಿಳಿದಿಲ್ಲ, ಎಷ್ಟೋ ಪಾರ್ಲರ್ ಮಾಲೀಕರಿಗೂ ತಿಳಿದಿರಲಾರದು. ಬೆಂಚಿನ ಪಣ ಆಟವನ್ನು ಒಳಗಿನಿಂದ ತಿನ್ನುತ್ತದೆ ಎಂಬುದಕ್ಕೆ ವೃತ್ತಿಪರ ಸ್ನೂಕರ್ ಸಾಕ್ಷಿ: 2023ರ ಜೂನ್‌ನಲ್ಲಿ ಪಂದ್ಯಗಳ ಮೋಸದಾಟದ ಪ್ರಕರಣದಲ್ಲಿ ಚೀನಾದ ಹತ್ತು ಆಟಗಾರರಿಗೆ ಶಿಕ್ಷೆಯಾಯಿತು, ಅವರಲ್ಲಿ ಇಬ್ಬರಿಗೆ ಆಜೀವ ನಿಷೇಧ. ಪಾರ್ಲರ್‌ನ ಗೋಡೆಯ ಮೇಲೆ ‘ಆಡದವರು ಪಣ ಕಟ್ಟುವಂತಿಲ್ಲ’ ಎಂದು ಬರೆದು ಅದನ್ನು ಕಟ್ಟುನಿಟ್ಟಾಗಿ ಪಾಲಿಸುವ ಮಾಲೀಕ ಅರ್ಧ ಅಪವಾದವನ್ನು ತಾನೇ ತೊಳೆದುಕೊಳ್ಳುತ್ತಾನೆ.

ಇನ್ನು ಮಳೆ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್‌ಗೂ ಹೆಚ್ಚು ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಸ್ನೂಕರ್ ಬಟ್ಟೆ ಉಣ್ಣೆಯದು. ಗಾಳಿಯಲ್ಲಿನ ತೇವವನ್ನು ಕುಡಿದು ಭಾರವಾಗುತ್ತದೆ. ಬೇಸಿಗೆಯಲ್ಲಿ ಟೇಬಲ್ಲಿನ ಮೇಲೆ ಎರಡು ಮೂರು ಸಲ ಅಡ್ಡಾಡಿ ಬರುವ ಹೊಡೆತ ಮಳೆ ಜೋರಾಗಿರುವ ಆಟಿ ತಿಂಗಳಿನಲ್ಲಿ ಅರ್ಧಕ್ಕೇ ನಿಲ್ಲುತ್ತದೆ. ಕ್ಯೂ ಜಾರದಿರಲೆಂದು ಅದರ ತುದಿಗೆ ಹಚ್ಚುವ ಚಾಕ್ ಮೆತ್ತಗಾಗಿ ಹಿಡಿಯುವುದಿಲ್ಲ, ಚಾಕ್ ಪುಡಿ ಅಂಟಿದ ಚೆಂಡುಗಳು ಡಿಕ್ಕಿಯಾದಾಗ ಎಗರುತ್ತವೆ, ಗೋಡೆಗೆ ಒರಗಿಸಿಟ್ಟ ಆ್ಯಶ್ ಅಥವಾ ಮೇಪಲ್ ಮರದ ಕ್ಯೂ ಒಂದು ಮಳೆಗಾಲದಲ್ಲಿ ಬಾಗುತ್ತದೆ. ದೊಡ್ಡ ಪಂದ್ಯಾವಳಿಗಳಲ್ಲಿ ಸ್ಲೇಟ್ ಹಲಗೆಗಳ ಕೆಳಗೆ ಹೀಟರ್ ಅಳವಡಿಸಿ ಬಟ್ಟೆಯನ್ನು ಒಣಗಿದಂತೆ ಇಡುತ್ತಾರೆ. ನಮ್ಮಲ್ಲಿ ಆ ಹೊತ್ತಿಗೆ ಮರ ಬಿದ್ದು ಕರೆಂಟ್ ಹೋಗಿರುತ್ತದೆ, ಟೇಬಲ್ಲಿನ ಮೇಲಿನ ದೀಪಕ್ಕೂ ಜನರೇಟರ್ ಬೇಕು. ಸ್ಲೇಟ್ ಇಲ್ಲದೆ ಒತ್ತು ಹಲಗೆಯ ಮೇಲೆ ಬಟ್ಟೆ ಹೊದಿಸಿದ ಅಗ್ಗದ ಪೂಲ್ ಟೇಬಲ್‌ಗಳ ಪಾಡಂತೂ ಇನ್ನೂ ಕಷ್ಟ: ಹಲಗೆ ನೀರುಂಡು ಉಬ್ಬಿ, ನಿಧಾನವಾಗಿ ಬಿಟ್ಟ ಚೆಂಡು ತಾನಾಗಿಯೇ ಒಂದು ಮೂಲೆಗೆ ಹೊರಳುತ್ತದೆ. ವರಾಂಡದಲ್ಲಿ ಇಟ್ಟ ಹೋಂಸ್ಟೇ ಟೇಬಲ್ ಎರಡು ಮಳೆಗಾಲ ದಾಟಿ ಸಮತಟ್ಟಾಗಿ ಉಳಿದರೆ ಅದೇ ಆಶ್ಚರ್ಯ.

ಆದರೂ ಕೊಡಗಿಗೆ ಈ ಆಟ ಹೊಂದುವ ಕಾಲ ಮಳೆಗಾಲವೇ. ಡಿಸೆಂಬರ್‌ನಿಂದ ಕಾಫಿ ಕೊಯ್ಲು, ಆಮೇಲೆ ಒಣಗಿಸುವುದು, ಕಾಫಿ ಹೂ ಅರಳಿಸುವ ಹೂಮಳೆಯ ಕಾತರ, ಬೇಸಿಗೆ ರಜೆಯಲ್ಲಿ ಹಾಕಿ. ಜೂನ್ ಬಂದರೆ ಕೆಸರುಗದ್ದೆ ಕ್ರೀಡಾಕೂಟ ಬಿಟ್ಟರೆ ಮೈದಾನದ ಆಟಗಳೆಲ್ಲ ನಿಲ್ಲುತ್ತವೆ, ಸಂಜೆ ನಾಲ್ಕಕ್ಕೇ ಕತ್ತಲಾಗುತ್ತದೆ, ಯುವಕರಿಗೆ ಹೋಗಲು ಜಾಗವಿರುವುದಿಲ್ಲ. ನಾಲ್ಕು ತಿಂಗಳು ಹೊರಗೆ ಆಡಲಾಗದ ಜಿಲ್ಲೆಗೆ ಸೂರಿನ ಕೆಳಗಿನ ಆಟ ಅಗತ್ಯ. ಜನರಿಗೆ ಬಿಡುವಿರುವ ತಿಂಗಳುಗಳಲ್ಲೇ ಟೇಬಲ್ ಅತ್ಯಂತ ಕೆಟ್ಟ ಸ್ಥಿತಿಯಲ್ಲಿರುತ್ತದೆ ಎಂಬುದು ಇಲ್ಲಿನ ಮೂಲ ತೊಡಕು. ಇದಕ್ಕೆ ಪರಿಹಾರ ದುಬಾರಿ ಯಂತ್ರವೇ ಆಗಬೇಕೆಂದಿಲ್ಲ; ಕಿಟಕಿ ಮುಚ್ಚಿದ ಕೋಣೆ, ಆಡದ ಹೊತ್ತಿನಲ್ಲಿ ಹೊದಿಕೆ, ಪ್ರತಿದಿನ ಬ್ರಷ್ ಮತ್ತು ಇಸ್ತ್ರಿ, ಇವನ್ನು ತಪ್ಪದೆ ಮಾಡುವ ಒಬ್ಬ ಮನುಷ್ಯ. ಮಾತು ಮತ್ತೆ ಮಾರ್ಕರ್ ಬಳಿಗೇ ಬರುತ್ತದೆ.

ಬೆಂಗಳೂರಿನಲ್ಲಿ ಪರಿಸ್ಥಿತಿ ಹೇಗೆ ಬೇರೆಯಾಯಿತು ಎಂಬುದನ್ನು ಪಂಕಜ್ ಅಡ್ವಾಣಿಯವರ ಬದುಕಿನಿಂದ ತಿಳಿಯಬಹುದು. ಅವರು ಸುಮಾರು ಹತ್ತು ವರ್ಷದವರಿದ್ದಾಗ ಅಣ್ಣನ ಹಿಂದೆ ಸ್ನೂಕರ್ ಪಾರ್ಲರ್‌ಗೆ ಹೋದವರು. ಅಲ್ಲಿಂದ ಅವರು ಕರ್ನಾಟಕ ರಾಜ್ಯ ಬಿಲಿಯರ್ಡ್ಸ್ ಸಂಸ್ಥೆಯ ಸಭಾಂಗಣಕ್ಕೆ, ಅಲ್ಲಿಂದ ಅರವಿಂದ್ ಸವೂರ್ ಅವರಂಥ ಗುರುವಿನ ಬಳಿಗೆ ದಾಟಿದರು. 2003ರಲ್ಲಿ ಚೀನಾದಲ್ಲಿ ಮೊದಲ ವಿಶ್ವ ಸ್ನೂಕರ್ ಪ್ರಶಸ್ತಿ; 2024ರ ನವೆಂಬರ್‌ನಲ್ಲಿ ದೋಹಾದಲ್ಲಿ ಗೆದ್ದದ್ದು 28ನೇ ವಿಶ್ವ ಪ್ರಶಸ್ತಿ. ಅವರ ಪ್ರತಿಭೆ ಅಸಾಧಾರಣ, ಆದರೆ ಪಾರ್ಲರ್, ಸಂಸ್ಥೆ, ಗುರು ಎಂಬ ಮೂರೂ ಒಂದೇ ನಗರದಲ್ಲಿ ಸಿಕ್ಕವು ಎಂಬುದನ್ನು ಮರೆಯಬಾರದು. ಮಡಿಕೇರಿಯ ಹುಡುಗನಿಗೆ ಪಾರ್ಲರ್ ಹತ್ತಿರವಿದೆ, ನಡುವಿನ ಸಂಸ್ಥೆ ಇರುವುದು 250 ಕಿಲೋಮೀಟರ್ ಆಚೆ. ಹಾಕಿ ಆಡುವ ಮಕ್ಕಳಿಗೆ ಕೂಡಿಗೆಯ ಕ್ರೀಡಾ ಶಾಲೆ, ಪೊನ್ನಂಪೇಟೆಯ ಕ್ರೀಡಾ ವಸತಿ ನಿಲಯಗಳಿದ್ದಂತೆ ಇಲ್ಲಿ ಮಧ್ಯದ ಮೆಟ್ಟಿಲು ಇಲ್ಲ. 2011ರ ಜನಗಣತಿಯಲ್ಲಿ ಕೊಡಗಿನ ಜನಸಂಖ್ಯೆ 5,54,519, ಅದರಲ್ಲಿ ಪಟ್ಟಣವಾಸಿಗಳು ಶೇಕಡಾ 15ಕ್ಕಿಂತ ಕಡಿಮೆ. ಹಾಗಿರುವಾಗ ಖಾಸಗಿ ಅಕಾಡೆಮಿ ತಾನಾಗಿ ಬಂದು ನೆಲೆಯೂರುತ್ತದೆ ಎಂದು ಕಾಯುವುದು ವ್ಯರ್ಥ.

ಹೆಣ್ಣುಮಕ್ಕಳ ವಿಷಯದಲ್ಲಿ ಈ ಕೊರತೆ ಇನ್ನೂ ಎದ್ದು ಕಾಣುತ್ತದೆ. ಕರ್ನಾಟಕದ ಮಹಿಳೆಯರು ಈ ಆಟದಲ್ಲಿ ದೇಶಕ್ಕೇ ಮುಂದಿದ್ದವರು. ತೋಟಗಾರಿಕೆ ಇಲಾಖೆಯ ನೌಕರರಾಗಿದ್ದ ಆರ್. ಉಮಾದೇವಿಯವರು ಮೂವತ್ತರ ಆಸುಪಾಸಿನಲ್ಲಿ ಸರ್ಕಾರಿ ನೌಕರರ ಕ್ಲಬ್ಬಿನಲ್ಲಿ ಕ್ಯೂ ಹಿಡಿದು 2012ರಲ್ಲಿ ಮಹಿಳೆಯರ ವಿಶ್ವ ಬಿಲಿಯರ್ಡ್ಸ್ ಚಾಂಪಿಯನ್ ಆದರು. ಚಿತ್ರಾ ಮಗಿಮೈರಾಜ್, ವಿದ್ಯಾ ಪಿಳ್ಳೈ ಅವರ ಹೆಸರುಗಳು ಆಟ ಬಲ್ಲವರಿಗೆಲ್ಲ ಗೊತ್ತು. 2025ರ ನವೆಂಬರ್‌ನಲ್ಲಿ ಚೆನ್ನೈನ ಅನುಪಮಾ ರಾಮಚಂದ್ರನ್ ದೋಹಾದಲ್ಲಿ ವಿಶ್ವ ಸ್ನೂಕರ್ ಪ್ರಶಸ್ತಿ ಗೆದ್ದರು. ಉಮಾದೇವಿಯವರಿಗೆ ದಾರಿ ಮಾಡಿಕೊಟ್ಟದ್ದು ಪಾರ್ಲರ್ ಅಲ್ಲ, ಕೆಲಸದ ಜಾಗಕ್ಕೆ ಹೊಂದಿಕೊಂಡ, ಪರಿಚಿತರು ಇದ್ದ, ಸಂಜೆ ನಿಶ್ಚಿಂತೆಯಿಂದ ಹೋಗಿಬರಬಹುದಾಗಿದ್ದ ಒಂದು ಕ್ಲಬ್ ಎಂಬುದನ್ನು ಗಮನಿಸಬೇಕು. ಕೌಟುಂಬಿಕ ಹಾಕಿಯಲ್ಲಿ ಅಣ್ಣತಮ್ಮಂದಿರ ಜೊತೆ ಮೈದಾನಕ್ಕಿಳಿಯುವ ಕೊಡಗಿನ ಹುಡುಗಿಗೆ ಧೈರ್ಯ ಕಡಿಮೆಯಿಲ್ಲ. ಹೊಗೆ ತುಂಬಿದ, ಪರದೆ ಇಳಿಬಿಟ್ಟ ಕೋಣೆಗೆ ಅವಳು ಏಕೆ ಹೋಗಬೇಕು?

ಈ ಆಟಕ್ಕೆ ಭವಿಷ್ಯವಿಲ್ಲ ಎನ್ನುವವರ ವಾದದಲ್ಲೂ ಸ್ವಲ್ಪ ಹುರುಳಿದೆ. 1998ರಿಂದ 2010ರವರೆಗೆ ಏಷ್ಯನ್ ಕ್ರೀಡಾಕೂಟದಲ್ಲಿದ್ದ ಕ್ಯೂ ಆಟಗಳನ್ನು ಆಮೇಲೆ ಕೈಬಿಡಲಾಯಿತು, ಒಲಿಂಪಿಕ್ಸ್‌ನಲ್ಲಿ ಅವು ಎಂದೂ ಇರಲಿಲ್ಲ. ಪದಕವಿಲ್ಲದ ಆಟಕ್ಕೆ ಸರ್ಕಾರದ ಹಣ ಹರಿಯುವುದು ನಿಧಾನ. ಆದರೆ ಕೇಂದ್ರ ಸರ್ಕಾರದ ಕ್ರೀಡಾ ಕೋಟಾ ಪಟ್ಟಿಯಲ್ಲಿ ಬಿಲಿಯರ್ಡ್ಸ್ ಮತ್ತು ಸ್ನೂಕರ್ ಇದೆ, ರೈಲ್ವೆ ಮತ್ತು ಪೆಟ್ರೋಲಿಯಂ ಕಂಪನಿಗಳು ಆಟಗಾರರಿಗೆ ನೌಕರಿ ಕೊಟ್ಟಿವೆ. ಮೇಲಾಗಿ, ಆಡುವ ನೂರು ಮಂದಿಯಲ್ಲಿ ತೊಂಬತ್ತೊಂಬತ್ತು ಜನ ಪದಕಕ್ಕಾಗಿ ಆಡುವುದಿಲ್ಲ. ಅವರಿಗೆ ಬೇಕಾದುದು ಒಳ್ಳೆಯ ಟೇಬಲ್, ಸರಿಯಾದ ಎದುರಾಳಿ, ಮತ್ತು ನೆಮ್ಮದಿಯ ಜಾಗ.

ಹಾಗಾದರೆ ಎಲ್ಲಿಂದ ಶುರುಮಾಡಬಹುದು? ಹೊಸ ಕಟ್ಟಡಕ್ಕೆ ಮನವಿ ಬರೆಯುವ ಮೊದಲು ಈಗಿರುವ ಟೇಬಲ್‌ಗಳನ್ನು ಒಂದಕ್ಕೊಂದು ಪರಿಚಯಿಸುವುದು ಸುಲಭ ಮತ್ತು ಅಗ್ಗ. ಬಿಲಿಯರ್ಡ್ಸ್ ಕ್ಲಬ್‌ಗಳ ಪರಂಪರೆಯಲ್ಲೇ ಅದಕ್ಕೊಂದು ಉಪಾಯವಿದೆ, ಹ್ಯಾಂಡಿಕ್ಯಾಪ್ ಪಂದ್ಯ. ಬಲ್ಲವನು ಹೊಸಬನಿಗೆ ಪ್ರತಿ ಫ್ರೇಮ್‌ಗೆ, ಅಂದರೆ ಪಂದ್ಯದ ಪ್ರತಿ ಸುತ್ತಿಗೆ, ಇಪ್ಪತ್ತೋ ಮೂವತ್ತೋ ಅಂಕಗಳನ್ನು ಮೊದಲೇ ಬಿಟ್ಟುಕೊಡುತ್ತಾನೆ. ಹೀಗೆ ಮಾಡಿದರೆ ಐವತ್ತು ವರ್ಷ ಆಡಿದ ತೋಟಗಾರನೂ ಆರು ತಿಂಗಳ ಹಿಂದೆ ಕ್ಯೂ ಹಿಡಿದ ಹುಡುಗನೂ ಸಮಸಮನಾಗಿ ಸೆಣಸಬಹುದು, ಮತ್ತು ಸೋತರೂ ಹುಡುಗ ಆ ಹಿರಿಯರಿಂದ ಎದುರಾಳಿಗೆ ಸುಲಭದ ಅವಕಾಶ ಬಿಡದ ಒಂದು ಸುರಕ್ಷಿತ ಹೊಡೆತವನ್ನಾದರೂ ಕಲಿತು ಹೊರಡುತ್ತಾನೆ. ಕ್ಲಬ್‌ಗಳು ಮಳೆಗಾಲದಲ್ಲಿ ವಾರಕ್ಕೊಂದು ಮಧ್ಯಾಹ್ನ, ಸದಸ್ಯರು ಹೆಚ್ಚಾಗಿ ಬಾರದ ಹೊತ್ತಿನಲ್ಲಿ, ಬಿಲಿಯರ್ಡ್ಸ್ ಕೋಣೆಯನ್ನು ಕಾಲೇಜು ವಿದ್ಯಾರ್ಥಿಗಳಿಗೆ, ವಿದ್ಯಾರ್ಥಿನಿಯರಿಗೆ ತೆರೆದರೆ ಅವುಗಳ ಘನತೆಗೆ ಕುಂದಿಲ್ಲ. ಉಪಯೋಗವಿಲ್ಲದೆ ಬೂಷ್ಟು ಹಿಡಿಯುವ ಬಟ್ಟೆಗೆ ಅದರಿಂದ ಒಳ್ಳೆಯದೇ ಆಗುತ್ತದೆ. ಪಾರ್ಲರ್‌ಗಳು ಪೂಲ್ ಆಟಕ್ಕೆ ಒಂದೇ ನಿಯಮಾವಳಿಯನ್ನು ಒಪ್ಪಿ ಗೋಡೆಗೆ ಅಂಟಿಸಬೇಕು, ಇಲ್ಲದಿದ್ದರೆ ಕುಶಾಲನಗರದವನೂ ಗೋಣಿಕೊಪ್ಪದವನೂ ಎದುರಾದಾಗ ಆಟಕ್ಕಿಂತ ವಾದವೇ ಹೆಚ್ಚಾಗುತ್ತದೆ. ಹಳೆಯ ಮಾರ್ಕರ್‌ಗಳಲ್ಲಿ ಇನ್ನೂ ಕೈ ಗಟ್ಟಿಯಿರುವವರನ್ನು ಹುಡುಕಿ, ಸಂಭಾವನೆ ಕೊಟ್ಟು, ತಿಂಗಳಿಗೆರಡು ಸಲ ಪಾರ್ಲರ್‌ಗಳಿಗೆ ಕರೆತರಬೇಕು. ಟೇಬಲ್ ನೋಡಿಕೊಳ್ಳುವುದನ್ನೂ ಆಟವನ್ನೂ ಒಟ್ಟಿಗೆ ಕಲಿಸಬಲ್ಲವರು ಅವರೇ, ಮತ್ತು ಈ ಸಲ ಪಂದ್ಯದ ಫಲಕದಲ್ಲಿ ಆಟಗಾರರ ಸಾಲಿನಲ್ಲೇ ಅವರ ಹೆಸರನ್ನೂ ಬರೆಯಬೇಕು.